ಭವಿಷ್ಯದ ಮಕ್ಕಳೂ ಪ್ಲಾಸ್ಟಿಕ್ ಕುರ್ಚಿಗಳೂ

ಮಂಗಳೂರು ಕಡೆಯ ಯಾವ ಇಗರ್ಜಿಗೆ ಹೋದರೂ ಯುವಜನ ಭಾನುವಾರದ ಪ್ರವಚನದಲ್ಲಿ ಒಂದು ಮಾತು ಕಟ್ಟಿಟ್ಟದ್ದು: ಯುವಜನರೇ ಧರ್ಮಸಭೆಯ ಭವಿಷ್ಯ. ಭವಿಷ್ಯವೆಂದು ಒಮ್ಮೆ ಸಾರಿಬಿಟ್ಟರೆ ದೊಡ್ಡ ಅನುಕೂಲ, ವರ್ತಮಾನದಲ್ಲಿ ಏನನ್ನೂ ಕೊಡಬೇಕಾಗಿಲ್ಲ. ಪಾಲನಾ ಮಂಡಳಿಯಲ್ಲಿ ಲೆಕ್ಕಪತ್ರ ನೋಡಲು ನಿವೃತ್ತ ಬ್ಯಾಂಕ್ ಮ್ಯಾನೇಜರರಿದ್ದಾರೆ. ವಾಳೆಯ ಗುರಿಕಾರರಿಗೆ ಮೊಮ್ಮಕ್ಕಳಿದ್ದಾರೆ. ಭವಿಷ್ಯದ ಪಾಲಿಗೆ ಉಳಿದದ್ದು ಕುರ್ಚಿ ಜೋಡಿಸುವುದು, ಮೊಂತಿ ಹಬ್ಬಕ್ಕೆ ಕಬ್ಬು ಹಂಚುವುದು, ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುವುದು, ವಾರ್ಷಿಕ ಹಬ್ಬದ ದಿನ ಪಾರ್ಕಿಂಗಿನಲ್ಲಿ ಸೀಟಿ ಊದುವುದು.

ಇಷ್ಟರಲ್ಲೇ ಬದುಕಿನ ಅರ್ಥ ಸಿಗದವರಿಗೆ ವರ್ಷಕ್ಕೊಂದು ಶಿಬಿರ ಉಂಟು. ಬೆಂಗಳೂರಿನಿಂದ ಬಂದ ಸಂಪನ್ಮೂಲ ವ್ಯಕ್ತಿಗಳು ಪ್ರೊಜೆಕ್ಟರ್ ಹಚ್ಚಿ ನಿನ್ನ ಜೀವನದ ಗುರಿ ಏನೆಂದು ಕೇಳುತ್ತಾರೆ. ಎರಡನೆಯ ರಾತ್ರಿ ದೀಪ ಆರಿಸಿ, ಮೇಣದಬತ್ತಿ ಹಚ್ಚಿ, ಗಿಟಾರಿನ ಮೂರು ತಂತಿ ಮೀಟಿದರೆ ಸಾಕು, ಎಲ್ಲರಿಗೂ ಅಳು. ಮರುದಿನ ಗ್ರೂಪ್ ಫೋಟೊ. ಗುರಿ ಬರೆದ ಚೀಟಿಗಳನ್ನು ಆಮೇಲೆ ಯಾರೂ ತೆಗೆದು ನೋಡುವುದಿಲ್ಲ. ಅದು ಒಳ್ಳೆಯದೇ.

ಗುರಿ ಹೇಗೂ ಮನೆಯಲ್ಲಿ ನಿಶ್ಚಯವಾಗಿರುತ್ತದೆ. ಅದಕ್ಕೆ ದೇವರ ಚಿತ್ತ ಎಂದು ಹೆಸರು. ನಮ್ಮ ಕಡೆ ದೇವರ ಚಿತ್ತಕ್ಕೆ ಭೂಗೋಳ ಚೆನ್ನಾಗಿ ಗೊತ್ತು. ಅಜ್ಜನ ಕಾಲದಲ್ಲಿ ಅದು ಬೊಂಬಾಯಿಗೆ ಕರೆಯಿತು, ಅಪ್ಪನನ್ನು ಕುವೈತಿಗೆ, ಮಗನನ್ನು ಈಗ ಕೆನಡಾಕ್ಕೆ ಕರೆಯುತ್ತಿದೆ. ಐಇಎಲ್‌ಟಿಎಸ್‌ನಲ್ಲಿ ಬ್ಯಾಂಡ್ ಕಡಿಮೆ ಬಂದರೆ ಮಾತ್ರ ಸೈತಾನನ ಕಾಟ. ರಾಯಚೂರಿನ ಮಾನ್ವಿಯಲ್ಲಿ ಶಾಲೆ ನಡೆಸಲು ಕೆಲವು ಜೆಸ್ವಿಟ್ ಪಾದ್ರಿಗಳಿಗೆ ಕರೆ ಬಂದದ್ದುಂಟು, ಆದರೆ ಅದು ಬೇರೆ ಇಲಾಖೆ. ಆ ಇಲಾಖೆಗೂ ನಾವು ಕಡಿಮೆ ಮಾಡಿಲ್ಲ. ದೇವಕರೆ ಹೆಚ್ಚಲಿ, ಜೆಪ್ಪು ಸೆಮಿನರಿ ತುಂಬಲಿ ಎಂದು ಮೊಣಕಾಲೂರಿ ಬೇಡುತ್ತೇವೆ. ಕರೆ ನೆರೆಮನೆಯ ಹುಡುಗನಿಗೆ ಬರಲಿ ಎಂಬುದಷ್ಟೇ ನಮ್ಮ ವಿನಮ್ರ ಸೂಚನೆ.

ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ನಾನೇನು ಮಾಡಬೇಕೆಂಬ ಪ್ರಶ್ನೆ ಹೊತ್ತು ಒಬ್ಬ ಯುವಕ ಯೇಸುವಿನ ಬಳಿ ಬರುತ್ತಾನೆ. ಒಳ್ಳೆಯ ಮನೆತನ, ಆಜ್ಞೆಗಳನ್ನೆಲ್ಲ ಪಾಲಿಸಿದವ, ಆಸ್ತಿಯೂ ಜೋರಾಗಿಯೇ ಇದೆ. ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಎಂದು ಯೇಸು ಹೇಳಿದ್ದೇ ತಡ, ಮುಖ ಬಾಡಿಸಿಕೊಂಡು ಹೊರಟ. ಯೇಸು ಹಿಂದೆ ಓಡಲಿಲ್ಲ, ಷರತ್ತು ಸಡಿಲಿಸಲೂ ಇಲ್ಲ. ಜನಸಂಪರ್ಕದ ಕಲೆ ಬೆಳೆಯದಿದ್ದ ಕಾಲ ನೋಡಿ! ಆ ಹುಡುಗ ನಮ್ಮ ಊರಿಗೆ ಬಂದಿದ್ದರೆ ಹಾಗೆ ಬರಿಗೈಯಲ್ಲಿ ಕಳಿಸುತ್ತಿದ್ದೆವೇ? ಯುವಜನ ಸಂಘದ ಖಜಾಂಚಿ ಮಾಡುತ್ತಿದ್ದೆವು. ಹೊಸ ಸಭಾಭವನದ ಗ್ರಾನೈಟಿನ ಮೇಲೆ ಅವನ ಅಪ್ಪನ ಹೆಸರು ಕೆತ್ತಿಸಿ, ಉದ್ಘಾಟನೆಗೆ ಬಿಷಪರ ಪಕ್ಕದಲ್ಲೇ ಕೂರಿಸುತ್ತಿದ್ದೆವು.

ಪೋಪ್ ಫ್ರಾನ್ಸಿಸ್ 2016ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಲಕ್ಷಾಂತರ ಯುವಜನರ ಎದುರು ಸೋಫಾದ ಸುಖ ಬಿಟ್ಟು ನಡೆಯುವ ಶೂ ಹಾಕಿಕೊಳ್ಳಿ ಎಂದರು. ನಮ್ಮವರು ಶ್ರದ್ಧೆಯಿಂದ ಶೂ ಕೊಂಡರು. ಎಲ್ಲಿಗೆ ನಡೆಯಬೇಕೆಂಬ ಭಾಗ ವಾಟ್ಸಾಪ್ ತುಣುಕಿನಲ್ಲಿ ಬಂದಿರಲಿಲ್ಲವೇನೋ. ಈಗ ಶೂಗೂ ದೈವಿಕ ಸಮರ್ಥನೆ ಸಿಕ್ಕಿದೆ. 2025ರ ಸೆಪ್ಟೆಂಬರ್ 7ರಂದು ಸಂತನೆಂದು ಘೋಷಿತನಾದ ಕಾರ್ಲೊ ಅಕ್ಯುಟಿಸ್ ಅಸಿಸಿಯ ಸಮಾಧಿಯಲ್ಲಿ ಜೀನ್ಸ್, ಸ್ನೀಕರ್ಸ್ ತೊಟ್ಟೇ ಮಲಗಿದ್ದಾನೆ. ಕಂಪ್ಯೂಟರ್ ಬಲ್ಲ ಸಂತ! ಮಗನ ಕೈಯಿಂದ ಮೊಬೈಲ್ ಕಸಿಯಲು ಹೋದ ತಾಯಿಗೆ ಇನ್ನು ಮುಂದೆ ಬಾಯಿಲ್ಲ. ವಿಡಿಯೊ ಗೇಮಿಗೆ ವಾರಕ್ಕೆ ಒಂದೇ ಗಂಟೆ ಎಂದು ಅವನು ತನಗೆ ತಾನೇ ಮಿತಿ ಹಾಕಿಕೊಂಡಿದ್ದ ಎಂಬುದನ್ನು ಪೋಸ್ಟರಿನಲ್ಲಿ ಹಾಕಲು ಜಾಗ ಸಾಲಲಿಲ್ಲ.

ಅದೇ ದಿನ ಇನ್ನೊಬ್ಬನೂ ಸಂತನಾದ. ಅವನ ಸುದ್ದಿ ಹೆಚ್ಚು ಓಡಲಿಲ್ಲ. ಟ್ಯೂರಿನ್ನಿನ ಪಿಯೆರ್ ಜಾರ್ಜಿಯೊ ಫ್ರಸಾತಿಯ ಅಪ್ಪ ಲಾ ಸ್ತಾಂಪಾ ಪತ್ರಿಕೆಯ ಒಡೆಯ, ಜರ್ಮನಿಯಲ್ಲಿ ಇಟಲಿಯ ರಾಯಭಾರಿಯಾಗಿದ್ದವರು. ಮಗ ಬಡವರ ಮನೆಗಳಿಗೆ ಅಲೆದು 1925ರಲ್ಲಿ 24ನೇ ವಯಸ್ಸಿಗೆ ಪೋಲಿಯೊದಿಂದ ಸತ್ತ. ಶವಯಾತ್ರೆಗೆ ಬಡವರ ದಂಡೇ ನೆರೆದಾಗಲೇ ಮನೆಯವರಿಗೆ ಹುಡುಗ ಇಷ್ಟು ದಿನ ಎಲ್ಲಿಗೆ ಹೋಗುತ್ತಿದ್ದ ಎಂದು ಸರಿಯಾಗಿ ತಿಳಿದದ್ದು. ಸೆಲ್ಫಿ ಕಳಿಸದವನ ಗತಿಯೇ ಇಷ್ಟು.

ಅವನು ಹೋಗುತ್ತಿದ್ದದ್ದು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯನಾಗಿ. 1833ರಲ್ಲಿ ಪ್ಯಾರಿಸಿನಲ್ಲಿ ಅದನ್ನು ಗೆಳೆಯರೊಂದಿಗೆ ಕಟ್ಟಿದ ಫ್ರೆಡೆರಿಕ್ ಓಝನಾಮನಿಗೆ ಆಗ 20 ವರ್ಷ. ಕ್ರೈಸ್ತ ಧರ್ಮ ಹಿಂದೆ ಮಾಡಿದ್ದಿರಲಿ, ನೀವೀಗ ಏನು ಮಾಡುತ್ತಿದ್ದೀರಿ ಎಂದು ಎದುರಾಳಿಗಳು ಚರ್ಚಾಕೂಟದಲ್ಲಿ ಕೆಣಕಿದ್ದರು. ಇವರು ಪ್ರೊಜೆಕ್ಟರ್ ಹುಡುಕಲಿಲ್ಲ. ರೋಸಲಿ ರೆಂದು ಎಂಬ ಸಿಸ್ಟರ್ ತೋರಿಸಿದ ಬಡವರ ಮನೆಗಳ ಮೆಟ್ಟಿಲು ಹತ್ತಿದರು.

ಇಪ್ಪತ್ತರ ಹುಡುಗರು ಹುಟ್ಟುಹಾಕಿದ ಆ ಸಭೆ ನಮ್ಮ ಇಗರ್ಜಿಗಳಲ್ಲಿ ಇಂದಿಗೂ ಇದೆ. ಹೆಚ್ಚಿನ ಕಡೆ ಔಷಧದ ಚೀಟಿ, ಅಕ್ಕಿಯ ಚೀಲ ಹಿಡಿದು ಮನೆ ಮನೆಗೆ ಹೋಗುವವರು ಅರವತ್ತು ದಾಟಿದ ಮೊಣಕಾಲು ನೋವಿನವರು. ಯಾವ ವಾರ, ಎಷ್ಟು ಗಂಟೆಗೆ ಕೂಟ ಎಂದು ಅವರನ್ನೇ ಕೇಳಿ. ಸೇರಲು ಪ್ರವೇಶ ಪರೀಕ್ಷೆಯಿಲ್ಲ, ಪ್ರಮಾಣಪತ್ರ ಸಿಗುವುದಿಲ್ಲ, ಇನ್‌ಸ್ಟಾಗ್ರಾಂಗೆ ಹಾಕುವಂಥ ಫೋಟೊ ತೆಗೆಯಲು ಆ ಮನೆಗಳಲ್ಲಿ ಬೆಳಕೂ ಸಾಲದು. ವೀಸಾ ಬರುವ ತನಕವಾದರೂ ಹೋಗಿ ಬನ್ನಿ, ಮಾರಾಯ್ರೇ.