ನೆರಳಣ್ಣ

ನಮ್ಮ ಕಡೆ ಯಾರ ಮನೆಗೆ ಹೋದರೂ ಅಂಗಳದಲ್ಲಿ ನಿಂತು ‘ಇದ್ದೀರೇನ್ರಿ?’ ಎಂದು ಕೂಗುವುದು ವಾಡಿಕೆ. ನೆರಳಣ್ಣ ಕೂಗುವುದಿಲ್ಲ. ನೇರ ತೋಟಕ್ಕಿಳಿದು, ಬೆನ್ನ ಹಿಂದೆ ಕೊಡೆ ಅಡ್ಡ ಹಿಡಿದು, ಕತ್ತೆತ್ತಿ, ಬಾಯಿ ತೆರೆದು ನಿಲ್ಲುತ್ತಾರೆ. ಮಫ್ಲರ್ ಜಾರಿ ಕಾಫಿ ಗಿಡದ ಮೇಲೆ ಬೀಳುತ್ತದೆ. ಎರಡು ನಿಮಿಷ ಕಳೆದು ತೀರ್ಪು ಹೊರಬೀಳುತ್ತದೆ: ‘ನೆರಳು ಜಾಸ್ತಿ ಆಯ್ತು ಮಾರಾಯ.’

ಅವರಿಗೆ ಬೇರೆ ಹೆಸರಿದೆ. ನೆರಳಣ್ಣ ಎಂಬುದು ನನ್ನ ಹೆಂಡತಿ ಇಟ್ಟದ್ದು. ಎದುರಿಗೆ ಕರೆಯುವ ಧೈರ್ಯ ಇಬ್ಬರಿಗೂ ಇಲ್ಲ. ಮೂಡಿಗೆರೆಯಿಂದ ಸಕಲೇಶಪುರದವರೆಗೆ ಯಾವ ಕಾಫಿ ಊರಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ತಮ್ಮ ತೋಟವನ್ನು ಆಳುಗಳಿಗೆ ಬಿಟ್ಟು ಪಕ್ಕದವರ ತೋಟವನ್ನು ತಾವು ನೋಡಿಕೊಳ್ಳುವವರು.

ಕಾಫಿ ಸೀಮೆಯ ಹೊರಗಿನವರಿಗೆ ಇದರ ಗಾಂಭೀರ್ಯ ತಿಳಿಯಲಿಕ್ಕಿಲ್ಲ. ಕಾಫಿ ಗಿಡದ ಸ್ವಭಾವ ಹೊಸ ಅಳಿಯನದು. ಹೇಗೆ ಉಪಚರಿಸಿದರೂ ಮುನಿಸು. ಬಿಸಿಲು ಹೆಚ್ಚಾದರೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಬರುತ್ತದೆ. ತೊಗಟೆಯ ಬಿರುಕಿನಲ್ಲಿ ದುಂಬಿ ಮೊಟ್ಟೆ ಇಡುತ್ತದೆ, ಮರಿ ಕಾಂಡದೊಳಗೆ ಸುರಂಗ ಕೊರೆಯುತ್ತದೆ, ಗಿಡ ನಿಂತಲ್ಲೇ ಹಳದಿಯಾಗುತ್ತದೆ. ನೆರಳು ಹೆಚ್ಚಾದರೆ ಮಳೆಗಾಲದಲ್ಲಿ ತೇವ ಆರದೆ ಎಲೆ, ಕಾಯಿ ಕೊಳೆತು ಉದುರುತ್ತವೆ. ಅದಕ್ಕೇ ಮಳೆ ಹಿಡಿಯುವ ಮುಂಚೆ ಮರ ಹತ್ತಿಸಿ, ಕೊಂಬೆ ಸವರಿಸಿ, ಬೆಳಕು ಬಿಡಿಸಬೇಕು. ಇದಕ್ಕೆ ಮರಗಸಿ ಎನ್ನುತ್ತಾರೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ನೆರಳಣ್ಣನ ಪ್ರಕಾರ ಅವರ ಅಜ್ಜ ಅಷ್ಟು ಹೊತ್ತಿಗೆ ಮರಗಸಿಯ ಬಗ್ಗೆ ತಿಳಿಯಬೇಕಾದ್ದನ್ನೆಲ್ಲ ತಿಳಿದು ಮುಗಿಸಿದ್ದರು.

ನಾನು ಬೆಂಗಳೂರಿನ ಕೆಲಸ ಬಿಟ್ಟು ಮೂರೂವರೆ ಎಕರೆಗೆ ಮರಳಿದ ಎರಡನೇ ವರ್ಷ. ಮೇ ತಿಂಗಳ ಕೊನೆ. ಮರ ಹತ್ತುವವರಿಗೆ ಹದಿನೈದು ದಿನ ಫೋನು ಮಾಡಿದ ಮೇಲೆ ಒಬ್ಬ ಬಂದ. ಮೋಟಾರು ಮನೆಯ ಪಕ್ಕದ ಬಸರಿಮರ ಹತ್ತಿದ. ಅವನು ಮೊದಲ ಕವಲು ಮುಟ್ಟುವುದಕ್ಕೂ ಕೆಳಗೆ ಕೊಡೆ ಪ್ರತ್ಯಕ್ಷವಾಗುವುದಕ್ಕೂ ಸರಿಹೋಯಿತು.

‘ಅದಲ್ವೋ, ಎಡಗಡೇದು!’

ಮೇಲಿದ್ದವನು ತನ್ನ ಎಡಕ್ಕೆ ತಿರುಗಿದ.

‘ನಿನ್ನ ಎಡ ಅಲ್ಲ ಮಾರಾಯ, ನನ್ನ ಎಡ!’

‘ಇಲ್ಲಿಂದ ನಿಮ್ದು ಬರೀ ಬೋಳುತಲೆ ಕಾಣ್ತದೆ ಅಣ್ಣಾ. ಅದ್ರಲ್ಲಿ ಎಡ ಯಾವ್ದು, ಬಲ ಯಾವ್ದು?’

‘ಹಂಗಾದ್ರೆ ಮೂಡ್ಲ ಕಡೇದು ಕಡಿ.’

ಮೋಡ ಕವಿದಿತ್ತು. ಮೂಡಲ ಎಲ್ಲಿ ಎಂಬ ಬಗ್ಗೆ ಮೇಲೂ ಕೆಳಗೂ ಭಿನ್ನಾಭಿಪ್ರಾಯ ಬಂತು. ವಿದ್ಯಾವಂತನಾದ ನಾನು ಮೊಬೈಲಿನಲ್ಲಿ ದಿಕ್ಸೂಚಿ ತೆಗೆದು ತೋರಿಸಿದೆ. ನೆರಳಣ್ಣ ಅದನ್ನು ಒಪ್ಪಲಿಲ್ಲ.

ಕೊಂಬೆಗೆ ಮೊದಲು ಕೆಳಗಿಂದ ಒಂದು ಕಚ್ಚು ಹಾಕಿ ಆಮೇಲೆ ಮೇಲಿಂದ ಕಡಿಯಬೇಕು. ಇಲ್ಲವಾದರೆ ಅದು ಬೀಳುವಾಗ ಮರದ ಸಿಪ್ಪೆ ಸುಲಿದುಕೊಂಡೇ ಬರುತ್ತದೆ. ಭಾರದ್ದಾದರೆ ಹಗ್ಗ ಕಟ್ಟಿ ಇಳಿಸಬೇಕು. ಇದೆಲ್ಲ ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹಗ್ಗ ಬಿಗಿಯುವ ಮುಂಚೆ, ಕೊಂಬೆ ಮುಕ್ಕಾಲು ಕಡಿದಾಗ, ಕೆಳಗಿಂದ ಇನ್ನೊಮ್ಮೆ ‘ಅದಲ್ಲ!’ ಎಂಬ ಕೂಗು ಬಂತು. ಅವನು ಬೇಸತ್ತು ಪಕ್ಕದ ಕವಲಿಗೆ ದಾಟಿದ. ಕೊಂಬೆ ಇನ್ನು ಯಾರನ್ನೂ ಕೇಳಲಿಲ್ಲ. ಹನ್ನೊಂದು ಕಾಫಿ ಗಿಡ, ಫಸಲಿಗೆ ಬಂದಿದ್ದ ಒಂದು ಮೆಣಸಿನ ಬಳ್ಳಿ, ಮೋಟಾರು ಮನೆಯ ಎರಡು ಶೀಟು.

ನೆರಳಣ್ಣ ಬಿದ್ದದ್ದರ ಕಡೆ ನೋಡಲೇ ಇಲ್ಲ. ಮೇಲೆ ನೋಡಿ, ‘ಈಗ ನೋಡು, ಬೆಳಕು ಹೆಂಗೆ ಬಂತು!’ ಎಂದರು. ನಿಜ. ಮೋಟಾರು ಮನೆಯೊಳಕ್ಕೂ ಬಂದಿತ್ತು.

ಮುಂದಿನ ಮಾರ್ಚಿನಲ್ಲಿ, ಹೂಮಳೆಗೆ ಕಾಯುತ್ತಿದ್ದಾಗ, ಅದೇ ಜಾಗದಲ್ಲಿ ಮಫ್ಲರ್ ಜಾರಿತು. ‘ನೆರಳು ಕಮ್ಮಿ ಆಯ್ತು. ಆ ಬಸರಿ ಕೊಂಬೆ ಯಾವನೋ ಕಡಿಸಿದ್ದು?’

ಅವರ ಉಳಿದ ಗುಣಗಳನ್ನು ಎರಡು ಮಾತಿನಲ್ಲಿ ಮುಗಿಸಬಹುದು. ಕಾಫಿ ಬೇಡ ಎಂದು ಎರಡು ಲೋಟ ಕುಡಿಯುತ್ತಾರೆ. ನನ್ನ ಕತ್ತಿಯ ಮೊನೆಯನ್ನು ಹೆಬ್ಬೆರಳಿನಲ್ಲಿ ನೋಡಿ, ಏನೂ ಹೇಳದೆ ಕೆಳಗಿಡುತ್ತಾರೆ. ಆ ಮೌನಕ್ಕಿಂತ ಬೈಗುಳ ವಾಸಿ. ಸಿಲ್ವರ್ ಓಕ್ ಎಂದರೆ ಆಗುವುದಿಲ್ಲ. ‘ಆಸ್ಟ್ರೇಲಿಯಾದಿಂದ ಬಂದಿದ್ದು. ಉದುರಿದ ಎಲೆ ಕೊಳೀಲಿಕ್ಕೂ ಒಪ್ಪಲ್ಲ.’ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅದನ್ನು ಕಡಿಯಲು ಅನುಮತಿ ಬೇಡ ಎಂದು ನಾನು ಹೇಳಿದರೆ, ‘ಕೇಳೋರಿಲ್ಲದ ಮರ ಅಂತ ಆಯ್ತಲ್ಲ’ ಎನ್ನುತ್ತಾರೆ.

ನಿಜವಾದ ತೊಂದರೆ ಇರುವುದು ಬೇರೆ ಕಡೆ. ಅವರು ಹೇಳುವುದು ಸರಿಯಾಗಿರುತ್ತದೆ. ಮೋಟಾರು ಮನೆ ಸುತ್ತ ಬಿಸಿಲು ಬಿದ್ದ ತುಂಡಿನಲ್ಲಿ ಕಾಂಡಕೊರಕ ಬಂದೇ ಬಂತು. ಹದಿನಾಲ್ಕು ಗಿಡ ಕಿತ್ತು ಸುಟ್ಟೆ. ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ, ಆದರೆ ಸರಿಯಾದ ನೆರಳು ಎಂದರೆ ಎಷ್ಟು ಎಂದು ಒಮ್ಮೆ ಕೇಳಿದೆ. ಹೆಗಲ ಮೇಲಿದ್ದ ಬಿಳಿ ಟವೆಲನ್ನು ಗಿಡಗಳ ನಡುವೆ ನೆಲಕ್ಕೆ ಹಾಸಿದರು. ನಡು ಮಧ್ಯಾಹ್ನ. ಟವೆಲಿನ ಮೇಲೆ ಕಾಸಿನಗಲದ ಬಿಸಿಲ ಬೊಟ್ಟುಗಳು, ಗಾಳಿ ಬೀಸಿದಾಗ ಮೀನಿನ ಮರಿಯ ಹಾಗೆ ಓಡಾಡಿದವು. ‘ಅರ್ಧ ಬಿಸಿಲು, ಅರ್ಧ ನೆರಳು, ಎರಡೂ ಒಂದು ಕಡೆ ನಿಲ್ಲಬಾರದು. ಈ ವರ್ಷ ಸರಿ ಇದ್ದಿದ್ದು ಮುಂದಿನ ವರ್ಷ ಸರಿ ಇರಲ್ಲ. ಮರ ಬೆಳೀತದಲ್ಲ ಮಾರಾಯ.’

ಅಕ್ಕಪಕ್ಕದ ತೋಟಗಳಲ್ಲಿ ಅತ್ತಿ, ಬಸರಿ, ಹಲಸು ಹೋಗಿ ಓಕ್ ಸಾಲು ನಿಂತಿವೆ. ನಾವೆಲ್ಲ ಬೆಳಿಗ್ಗೆ ಎದ್ದು ಕತ್ತು ಬಗ್ಗಿಸಿ ಮೊಬೈಲಿನಲ್ಲಿ ಮೆಣಸಿನ ರೇಟು ನೋಡುತ್ತೇವೆ. ಮೇಲೆ ನೋಡುವವರು... ಇರಲಿ, ತಮಾಷೆಗೆಂದು ಕೂತವನು ಭಾಷಣಕ್ಕಿಳಿದೆ.

ಮೇಲೆ ನೋಡಿ ನೋಡಿಯೇ ಇರಬೇಕು, ಈ ವರ್ಷ ನೆರಳಣ್ಣನ ಕತ್ತು ಹಿಡಿದುಕೊಂಡಿತು. ಡಾಕ್ಟರು ಪಟ್ಟಿ ಹಾಕಿ, ಕತ್ತೆತ್ತಲೇಕೂಡದು ಎಂದರು. ಮೂರು ವಾರ ತೋಟಕ್ಕೆ ಯಾರೂ ಬರಲಿಲ್ಲ. ಎಂಥ ನೆಮ್ಮದಿ ಎಂದುಕೊಂಡು ದಿನಕ್ಕೆರಡು ಸಲ ಗೇಟಿನ ಕಡೆ ನೋಡಿದೆ.

ಮೊನ್ನೆ ಬಂದರು. ಬಸರಿಮರದ ಕೆಳಗೆ ನೆಟ್ಟಗೆ, ಪೊಲೀಸಿನವರ ಹಾಗೆ ನಿಂತರು. ನಾನೇ ಟವೆಲ್ ಹಾಸಿದೆ. ಕಣ್ಣು ಮಾತ್ರ ಇಳಿಸಿ ಬಹಳ ಹೊತ್ತು ನೋಡಿದರು.

‘ನೆರಳು ಜಾಸ್ತಿ ಆಯ್ತು. ಒಂದು ಕೊಂಬೆ ತೆಗೀಬೇಕು. ನೀನು ಮೇಲೆ ನೋಡಿ ಹೇಳು, ಯಾವ್ದು ಅಂತ.’

ಕತ್ತೆತ್ತಿ ನೋಡಿದೆ. ‘ಎಡಗಡೇದು ಅಣ್ಣಾ.’

‘ಯಾರ ಎಡ?’ ಎಂದರು.