ದಾವೆ ರಾಯರು

ಪ್ರತಿ ಬಡಾವಣೆಗೂ ಒಬ್ಬ ದಾವೆ ರಾಯರು ಇದ್ದೇ ಇರುತ್ತಾರೆ. ಪಕ್ಕದ ಮನೆಯ ತೆಂಗಿನ ಗರಿ ತಮ್ಮ ಅಂಗಳಕ್ಕೆ ಬಿದ್ದರೂ ಸಾಕು, "ಸಿವಿಲ್ ಕೋರ್ಟಿಗೆ ಎಳೀತೀನಿ" ಎನ್ನುತ್ತಾರೆ. ಎಳೆದೂ ಬಿಡುತ್ತಾರೆ. ಎಳೆಸಿಕೊಂಡವನಿಗೆ ಮಾತ್ರ ಸುದ್ದಿ ಮುಟ್ಟುವುದಿಲ್ಲ.

ನಮ್ಮ ರಾಯರ ಪ್ರತಿವಾದಿ ಪಕ್ಕದ ಮನೆ ಮೇಷ್ಟ್ರು. ಕಾಂಪೌಂಡು ಗೋಡೆ ಮುಕ್ಕಾಲು ಅಡಿ ಒಳಕ್ಕೆ ಬಂದಿದೆ ಎಂಬುದು ತಕರಾರು. ದಾವೆ ದಾಖಲಾಗಿ ನಂಬರು ಬಿದ್ದ ದಿನ ರಾಯರು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಮೇಷ್ಟ್ರಿಗೂ ಎರಡು ತುಂಡು ಹೋಯಿತು.

"ಸ್ವಾಮಿ, ಸಮನ್ಸಿಗೆ ಪ್ರೋಸೆಸ್ ಫೀ ಕಟ್ಟಬೇಕು" ಎಂದರು ವಕೀಲರು.

"ತಪ್ಪು ಮಾಡಿದವನು ಅವನು. ಅವನನ್ನ ಕರೆಸೋದಕ್ಕೆ ನಾನ್ಯಾಕ್ರೀ ದುಡ್ಡು ಕಟ್ಟಲಿ?"

ಕಟ್ಟದಿದ್ದರೆ ದಾವೆಯೇ ವಜಾ ಎಂದಮೇಲೆ ಗೊಣಗುತ್ತ ಕಟ್ಟಿದರು. ವಿಳಾಸದ ಜಾಗದಲ್ಲಿ ಮಾತ್ರ ಡೋರ್ ನಂಬರು ಬರೆಯಲು ಒಪ್ಪಲಿಲ್ಲ. ಬರೆದರೆ ಆ ಮನೆ ಸಕ್ರಮ ಎಂದು ತಾವೇ ಒಪ್ಪಿಕೊಂಡಂತಾಗುತ್ತದಂತೆ! "ವಾದಿಯ ಜಾಗ ಒತ್ತುವರಿ ಮಾಡಿ ಕಟ್ಟಿರುವ ಮನೆ" ಎಂದು ಬರೆಸಿದರು. ಕೋರ್ಟಿನ ಅಮೀನರು ಬೀದಿಯಲ್ಲಿ ನಾಲ್ಕು ಜನರನ್ನು ವಿಚಾರಿಸಿದರು. ನಾಲ್ವರೂ ತಮ್ಮದಲ್ಲ ಎಂದರು. ಮನೆ ತೋರಿಸಿ ಬನ್ನಿ ಎಂದರೆ ರಾಯರು, "ಅವನ ಹೊಸಿಲು ತುಳಿಯೋನಲ್ಲ ನಾನು" ಎಂದು ಒಳಗೆ ಹೋದರು. "ವಿಳಾಸ ಸಮರ್ಪಕವಾಗಿಲ್ಲ" ಎಂಬ ಷರಾ ಹೊತ್ತು ಸಮನ್ಸ್ ವಾಪಸಾಯಿತು.

ವಕೀಲರು ದಾರಿ ಹೇಳದೆ ಇರಲಿಲ್ಲ. ಸರಿಯಾದ ವಿಳಾಸ ಕೊಟ್ಟು ಹೊಸ ಸಮನ್ಸ್ ಕೇಳಬಹುದು. ಆಸಾಮಿ ಕೈಗೆ ಸಿಗದಿದ್ದರೆ ಬಾಗಿಲಿಗೆ ಅಂಟಿಸಿ ಬರಬಹುದು. ಅದಕ್ಕೂ ಬಗ್ಗದಿದ್ದರೆ ಕೋರ್ಟಿನ ಅಪ್ಪಣೆ ಪಡೆದು ಪತ್ರಿಕೆಯಲ್ಲೇ ಪ್ರಕಟಿಸಬಹುದು.

"ಪೇಪರಲ್ಲಿ ಅವನ ಹೆಸರು ಬರಬೇಕಾ? ಅದೂ ನನ್ನ ದುಡ್ಡಲ್ಲಿ!"

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶ, 5ನೇ ನಿಯಮಕ್ಕೆ ರಾಯರ ಸ್ವಾಭಿಮಾನ ಗೊತ್ತಿಲ್ಲ. ಜಾರಿಯಾಗದ ಸಮನ್ಸ್ ವಾಪಸು ಬಂದ ಮೇಲೆ ಏಳು ದಿನದೊಳಗೆ ವಾದಿ ಹೊಸ ಸಮನ್ಸಿಗೆ ಅರ್ಜಿ ಹಾಕಬೇಕು. ಹಾಕದೆ, ತಕ್ಕ ಕಾರಣವನ್ನೂ ತೋರಿಸದಿದ್ದರೆ ದಾವೆ ವಜಾ. ಮೊದಲು ಒಂದು ತಿಂಗಳ ಗಡುವಿತ್ತು. 2002ರಿಂದ ಅದು ಏಳೇ ದಿನಕ್ಕೆ ಇಳಿದಿದೆ. ಆ ಏಳು ದಿನವನ್ನು ರಾಯರು ದಾವೆಯ ಪ್ರತಿಗೆ ಹೊಸ ರಟ್ಟು ಹಾಕಿಸುವುದರಲ್ಲಿ ಕಳೆದರು.

ವಜಾ ಆದ ಮರುದಿನವೂ ಅವರು ಕುಗ್ಗಲಿಲ್ಲ. "ಅದು ಟೆಕ್ನಿಕಲ್ ಕಣ್ರೀ, ಮೆರಿಟ್ ಮೇಲೆ ಸೋತಿಲ್ಲ. ಅದೇ 5ನೇ ನಿಯಮದ ಎರಡನೇ ಉಪನಿಯಮ ಓದಿ, ಕಾಲಮಿತಿ ಇದ್ದರೆ ಹೊಸ ದಾವೆ ಹಾಕಬಹುದು" ಎಂದು ಗೇಟಿನ ಬಳಿ ಭಾಷಣ ನಡೆದಿತ್ತು. ದಿನಾ ಗೋಡೆಯ ಮೇಲಿಂದಲೇ ಪೇಪರು ಇಸಿದುಕೊಳ್ಳುವ ಮೇಷ್ಟ್ರು ಇಣುಕಿ ನೋಡಿ ಮರುಗಿದರು.

"ಹಾಕಿ ರಾಯರೇ. ಅಂಥ ಖದೀಮನ್ನ ಸುಮ್ಮನೆ ಬಿಡಬೇಡಿ. ಬೇಕಿದ್ರೆ ನಾನೇ ಸಾಕ್ಷಿಗೆ ಬರ್ತೀನಿ."