ದಮ್ಮು: ವಿದ್ಯುತ್ತಿನ ಐದನೆಯ ಮಾನದ ಕುರಿತು ಒಂದು ಮೀಮಾಂಸೆ

ವೋಲ್ಟ್, ಆಂಪಿಯರ್, ಓಮ್, ವಾಟ್ ಎಂಬ ನಾಲ್ಕು ಮಾನಗಳಿದ್ದರೆ ಕರೆಂಟಿನ ಸಂಗತಿಯೆಲ್ಲ ತಿಳಿದಂತೆ ಎಂಬ ಮತ ಹುಟ್ಟಿದ್ದು ಯುರೋಪಿನಲ್ಲಿ. ಇಟಲಿಯ ವೋಲ್ಟಾ, ಫ್ರಾನ್ಸಿನ ಆಂಪಿಯರ್, ಜರ್ಮನಿಯ ಓಮ್, ಸ್ಕಾಟ್ಲೆಂಡಿನ ವಾಟ್ ದೊಡ್ಡವರೇ. ಆದರೆ ಅವರಲ್ಲಿ ಒಬ್ಬರೂ ಭಾಲ್ಕಿ ತಾಲ್ಲೂಕಿನ ಹೊಲದಲ್ಲಿ ನಡುರಾತ್ರಿ ಎದ್ದು ಮೋಟಾರು ಚಾಲೂ ಮಾಡಿದವರಲ್ಲ. ಮಾಡಿದ್ದರೆ ಐದನೆಯ ಮಾನವೊಂದು ಅವರಿಗೂ ಹೊಳೆಯುತ್ತಿತ್ತು. ಅದೇ ದಮ್ಮು.

ಈ ಶಾಸ್ತ್ರದ ಮೂಲಸೂತ್ರ ನಾಲ್ಕೇ ಪದದ್ದು: ‘ಕರೆಂಟ್ ಅದ, ದಮ್ ಇಲ್ಲ.’

ಭಾಷ್ಯಕಾರರು ಇಲ್ಲಿ ಎರಡು ಪಂಗಡವಾಗಿದ್ದಾರೆ. ಮೀಟರ್‌ವಾದಿಗಳ ಪ್ರಕಾರ ಮುಳ್ಳು ಅಥವಾ ಅಂಕಿ ತೋರಿಸದ್ದು ಲೋಕದಲ್ಲೇ ಇಲ್ಲ. ದಮ್‌ವಾದಿಗಳ ಪ್ರಕಾರ ಮೀಟರು ಹೇಳುವುದೆಲ್ಲ ಸುಳ್ಳು, ಮೋಟಾರು ಹೇಳುವುದಷ್ಟೇ ದಿಟ. ಪಂಗಡಗಳ ಜಗಳಕ್ಕೆ ಕಾರಣವಾದ ಪ್ರಯೋಗ ಹೀಗಿದೆ. ಕಂಬದಿಂದ ಇಳಿದ ಒಂದು ತಂತಿ ಎಲ್ಲೋ ಕಡಿದಿದೆ, ಅದರ ಪಕ್ಕದಲ್ಲೇ ಇನ್ನೊಂದು ಜೀವಂತ ತಂತಿ ದೂರದವರೆಗೆ ಜೊತೆಯಾಗಿ ಹೋಗಿದೆ. ಕಡಿದ ತಂತಿಗೆ ಟೆಸ್ಟರ್ ಇಟ್ಟರೆ ಸಣ್ಣಗೆ ಹತ್ತುತ್ತದೆ. ಡಿಜಿಟಲ್ ಮೀಟರ್ ಹಚ್ಚಿದರೆ ನೂರರ ಮೇಲೆ ವೋಲ್ಟ್ ತೋರಿಸುವುದೂ ಉಂಟು. ಹೋಲ್ಡರಿಗೆ ಸಿಕ್ಕಿಸಿದ 60 ವಾಟಿನ ಹಳೆಯ ಬಲ್ಬನ್ನು ಹಚ್ಚಿದರೆ ಮಾತ್ರ ಪೂರ್ತಿ ಕತ್ತಲೆ. ಮೀಟರು ಗೆದ್ದಿತೋ, ಬಲ್ಬು ಗೆದ್ದಿತೋ?

ಎರಡೂ ಗೆದ್ದವು ಎನ್ನುವುದು ಈ ಪ್ರಬಂಧಕಾರರ ತೀರ್ಪು. ಅದರಿಂದಾಗಿ ಎರಡೂ ಪಂಗಡದವರು ಅವರ ಮೇಲೆ ಮುನಿದಿದ್ದಾರೆ. ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ ಸುಮಾರು ಒಂದು ಕೋಟಿ ಓಮ್. 230 ವೋಲ್ಟಿಗೆ ಅದು ಎಳೆಯುವುದು ಆಂಪಿಯರಿನ ಹತ್ತು ಲಕ್ಷದಲ್ಲಿ 23 ಪಾಲು. ಬಲ್ಬು ಕೇಳುವುದು ಅದರ ಹನ್ನೊಂದು ಸಾವಿರ ಪಟ್ಟು. ಪಕ್ಕದ ತಂತಿಯಿಂದ ಗಾಳಿಯ ಮೂಲಕ ಸೋರಿ ಬಂದ ಅಲ್ಪ ಕರೆಂಟು ಮೀಟರಿಗೆ ಸಾಕು, ಬಲ್ಬಿಗೆ ಸಾಲದು. ಮೀಟರಿಗೆ ಹಾಕಿದ ಪ್ರಶ್ನೆ ‘ಏನಾದರೂ ಇದೆಯೇ’ ಎಂದು. ಬಲ್ಬಿಗೆ ಹಾಕಿದ ಪ್ರಶ್ನೆ ‘ದುಡಿಯುವಷ್ಟು ಇದೆಯೇ’ ಎಂದು.

ಇನ್ನು ತಂತಿ ಕಡಿಯದೆ, ಮೂರೂ ಫೇಸು ಇದ್ದೂ ಮೋಟಾರು ಏದುವ ಸಂದರ್ಭ. ದಮ್‌ವಾದದ ಜೀವಾಳವೇ ಇದು. 415 ಇರಬೇಕಾದ ವೋಲ್ಟೇಜು 332ಕ್ಕೆ ಇಳಿದರೆ ಮೀಟರ್‌ವಾದಿಯ ಕಣ್ಣಿಗೆ ಹೋದದ್ದು ಐದರಲ್ಲೊಂದು ಪಾಲು ಮಾತ್ರ. ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗವನ್ನು ಹಿಂಬಾಲಿಸುವುದರಿಂದ ಬಲ ಮಾತ್ರ 100ರಿಂದ 64ಕ್ಕೆ ಬೀಳುತ್ತದೆ. ಭಾಲ್ಕಿಯ ರೈತ ವರ್ಗಸಮೀಕರಣ ಬಿಡಿಸದೆಯೇ ಪೈಪಿನ ಬಾಯಿ ನೋಡಿ ಈ ಫಲಿತಾಂಶಕ್ಕೆ ಬಂದಿರುತ್ತಾನೆ. ಅವನ ಲೆಕ್ಕ ಸರಿ; ಅದನ್ನು ಅಳೆಯಲಾಗದು ಎಂದ ದಮ್‌ವಾದಿ ಪಂಡಿತನದ್ದೇ ತಪ್ಪು.

ಹಾಗೆಂದು ಅಳೆಯುವವರು ಎಲ್ಲವನ್ನೂ ಅಳೆದೇ ಬರೆಯುತ್ತಾರೆ ಎಂದೂ ಭಾವಿಸಬಾರದು. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಉಚಿತ. ಬಹಳಷ್ಟಕ್ಕೆ ಮೀಟರೇ ಇಲ್ಲ. ಆದರೂ ಅವು ಎಷ್ಟು ಯೂನಿಟ್ ಬಳಸಿದವೆಂಬ ಲೆಕ್ಕ ವರ್ಷವರ್ಷವೂ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಬರುತ್ತದೆ. ಫೀಡರಿಗೆ ಹರಿದದ್ದೆಷ್ಟು, ದಾರಿಯಲ್ಲಿ ಸೋರಿದ್ದೆಷ್ಟು ಎಂದು ಕೂಡಿ ಕಳೆದು ಉಳಿದದ್ದನ್ನು ಪಂಪ್‌ಸೆಟ್ಟಿನ ಹೆಸರಿಗೆ ಬರೆಯುವ ಈ ವಿಧಾನವನ್ನು ನಮ್ಮ ಹಿರಿಯರು ಅನುಮಾನಪ್ರಮಾಣ ಎಂದು ಬಹಳ ಹಿಂದೆಯೇ ವರ್ಗೀಕರಿಸಿ ಇಟ್ಟಿದ್ದರು.

ಪ್ರತ್ಯಕ್ಷಪ್ರಮಾಣಕ್ಕೆ ಬೀದರ್ ನಗರಕ್ಕೇ ಬರಬೇಕು. ಇಲ್ಲಿಯ ಬಿದ್ರಿ ಕುಶಲಕರ್ಮಿಗಳು ಕೋಟೆಯ ಹಳೆಯ ಕಟ್ಟಡಗಳೊಳಗಿನ, ಬಿಸಿಲು ಮಳೆ ಕಾಣದ ಮಣ್ಣನ್ನು ಆರಿಸುವುದು ನಾಲಿಗೆಯಿಂದ. ಚಿಟಿಕೆ ಮಣ್ಣಿನ ರುಚಿ ನೋಡಿ ಹೌದೋ ಅಲ್ಲವೋ ಹೇಳುತ್ತಾರೆ. ನವಸಾಗರದೊಡನೆ ಆ ಮಣ್ಣನ್ನು ಕುದಿಸಿ ಹಚ್ಚಿದರೆ ಸತು-ತಾಮ್ರದ ಮೈ ಕಡುಕಪ್ಪಾಗುತ್ತದೆ, ಬೆಳ್ಳಿಯ ಎಳೆ ಹಾಗೆಯೇ ಹೊಳೆಯುತ್ತದೆ. ಇತ್ತ 1800ರಲ್ಲಿ ವೋಲ್ಟಾ ಮಾಡಿದ್ದೇನು? ಬೆಳ್ಳಿ, ಸತುವಿನ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆದ ರಟ್ಟಿಟ್ಟು ಒಟ್ಟಿದ; ಲೋಕದ ಮೊದಲ ಬ್ಯಾಟರಿಯಾಯಿತು. ಆತನೂ ಕರೆಂಟನ್ನು ಪತ್ತೆಮಾಡಲು ಬಳಸಿದ ಉಪಕರಣಗಳಲ್ಲಿ ನಾಲಿಗೆ ಒಂದು. ಇಷ್ಟು ಸಿಕ್ಕಿದ್ದೇ ತಡ, ದಮ್‌ವಾದಿಗಳು ಬಿದ್ರಿ ಹುಕ್ಕಾದಲ್ಲಿ ಸತುವಿತ್ತು, ಬೆಳ್ಳಿಯಿತ್ತು, ನೀರಿತ್ತು, ಆದ್ದರಿಂದ ಬೀದರಿನ ಅಮೀರರು ಸೇದುತ್ತಿದ್ದದ್ದು ಬ್ಯಾಟರಿಯನ್ನೇ ಎಂದು ಸಾಧಿಸಿದರು. ಬೆಳ್ಳಿ ಹೊರಗೆ, ನೀರು ಒಳಗೆ, ಎರಡು ಲೋಹವೂ ಮೈಗೆ ಮೈ ತಾಗಿ ಶಾರ್ಟ್ ಆಗಿವೆ ಎಂಬ ಆಕ್ಷೇಪವನ್ನು ಅವರು ಅಡಿಟಿಪ್ಪಣಿಗೂ ಸೇರಿಸಲಿಲ್ಲ.

ಇದೇ ಬೆಳ್ಳಿ ಸ್ಪೀಕರ್ ತಂತಿಯಾದಾಗ ಹಾಡಿಗೆ ದಮ್ಮು ಬರುತ್ತದೆ ಎನ್ನುವವರು ಜಗತ್ತಿನೆಲ್ಲೆಡೆ ಇದ್ದಾರೆ. ತಾಮ್ರಕ್ಕಿಂತ ಬೆಳ್ಳಿ ಕರೆಂಟನ್ನು ಚೆನ್ನಾಗಿ ಒಯ್ಯುವುದು ನೂರಕ್ಕೆ ಆರರಷ್ಟು. ತಾಮ್ರದ ತಂತಿಯನ್ನೇ ತುಸು ದಪ್ಪ ತಂದರೆ ಲೆಕ್ಕ ಸಮ. ಯಾವ ತಂತಿ ಎಂದು ಹೇಳದೆ ಕೇಳಿಸಿ ನೋಡಿ, ಉತ್ತರ ತಾನಾಗಿ ಬರುತ್ತದೆ.

ಆದರೆ ಮೀಟರ್‌ವಾದಿಗಳ ನಗು ಮೆರವಣಿಗೆಯ ಡಿಜೆ ಬರುವವರೆಗೆ ಮಾತ್ರ. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ಸಾರ್ವಜನಿಕ ಸ್ಥಳದ ಲೌಡ್‌ಸ್ಪೀಕರಿಗೆ ಎಂಥ ಸಂದರ್ಭದಲ್ಲೂ 75ರ ಮೇಲಿಲ್ಲ. ಈ ಡೆಸಿಬಲ್ಲು ‘ಎ’ ತೂಕದ್ದು: ಮೆಲ್ಲನೆಯ ಸದ್ದಿಗೆ ಕಿವಿ ಸ್ಪಂದಿಸುವಂತೆ ತಗ್ಗು ಸ್ವರಗಳನ್ನು ತೂಕದಲ್ಲಿ ಕಡಿಮೆ ಹಿಡಿಯುತ್ತದೆ. 50 ಹರ್ಟ್ಸಿನ ಬಾಸಿಗೆ ಸಿಗುವ ರಿಯಾಯಿತಿ ಸುಮಾರು 30 ಡೆಸಿಬಲ್. ಹಾಗಾಗಿ 105 ಡೆಸಿಬಲ್ಲಿನ ಶುದ್ಧ ಬಾಸು ಕಾನೂನಿನ ಕಿವಿಗೆ 75 ಆಗಿ ಕೇಳಿಸುತ್ತದೆ. ಕಿಟಕಿಯ ಗಾಜಿಗೆ, ಎದೆಗೂಡಿಗೆ, ಕಪಾಟಿನ ಪಾತ್ರೆಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಮೀಟರಿನಲ್ಲಿ ದೋಷವಿಲ್ಲ, ಅಕ್ಷರವನ್ನು ಆರಿಸಿದವರಲ್ಲಿದೆ. ತಗ್ಗಿನ ಸ್ವರಕ್ಕೆ ಇಷ್ಟೊಂದು ವಿನಾಯಿತಿ ಕೊಡದ ‘ಸಿ’ ತೂಕವೂ ಲಭ್ಯ.

ಔರಾದಿನಲ್ಲಿ ಶಾಸ್ತ್ರ ಸಂಗೀತವಾಗುತ್ತದೆ. ಕರ್ನಾಟಕದ ತುತ್ತತುದಿಯ ಈ ತಾಲ್ಲೂಕಿಗೆ ಮಹಾರಾಷ್ಟ್ರ ಕೂಗಳತೆಯಲ್ಲಿದೆ. ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಕರೆಂಟಿನ ಪ್ರತಿ ಅರೆ ಆವರ್ತಕ್ಕೂ ಕೂದಲೆಳೆಯಷ್ಟೂ ಅಲ್ಲದಷ್ಟು ಹಿಗ್ಗಿ ಕುಗ್ಗುವುದರಿಂದ, 50 ಹರ್ಟ್ಸಿನ ಕರೆಂಟಿಗೆ ಅದು 100 ಹರ್ಟ್ಸಿನಲ್ಲಿ ಗುಂಯ್‌ಗುಡುತ್ತದೆ. 2013ರ ಡಿಸೆಂಬರ್ 31ರವರೆಗೆ ದಕ್ಷಿಣದ ಗ್ರಿಡ್ಡಿಗೂ ದೇಶದ ಉಳಿದ ಗ್ರಿಡ್ಡಿಗೂ ತಾಳ ಕೂಡಿರಲಿಲ್ಲ. ನಡುವೆ ಡಿಸಿ ಕೊಂಡಿಗಳಷ್ಟೇ ಇದ್ದವು. ಅಂದರೆ ಔರಾದಿನ ಟ್ರಾನ್ಸ್‌ಫಾರ್ಮರಿನ ಷಡ್ಜ ಒಂದು, ಗಡಿಯಾಚೆಯ ಉದಗೀರ, ದೇಗಲೂರಿನದು ಇನ್ನೊಂದು. ಈಚೆ 49.3, ಆಚೆ 49.8 ಇದ್ದ ಗಳಿಗೆಯಲ್ಲಿ ಎರಡನ್ನೂ ಒಟ್ಟಿಗೆ ಕೇಳಬಲ್ಲ ಕಿವಿಯಿದ್ದರೆ, ಇನ್ನೂ ಕೂಡದ ತಂಬೂರಿಯ ತಂತಿಗಳಂತೆ ಸೆಕೆಂಡಿಗೊಂದು ಮಿಡಿತ ಕೇಳಿಸಬೇಕಿತ್ತು. ಕರೆಂಟು 50ರಿಂದ 49.38ಕ್ಕೆ ಜಾರಿದರೆ ಶಾಸ್ತ್ರಕಾರರ ಲೆಕ್ಕದಲ್ಲಿ ಸರಿಯಾಗಿ ಒಂದು ಪ್ರಮಾಣಶ್ರುತಿ ಇಳಿದಂತೆ. ದಕ್ಷಿಣದ ಗ್ರಿಡ್ಡು ಅದಕ್ಕಿಂತ ಕೆಳಗೂ ಎಷ್ಟೋ ಸಲ ಹಾಡಿದೆ.

2013ರ ಆ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟಿನ ಲೈನು ಎರಡೂ ಗ್ರಿಡ್ಡುಗಳನ್ನು ಜೋಡಿಸಿತು. ಅಲ್ಲಿಂದೀಚೆಗೆ ಗಡಿಯ ಎರಡೂ ಬದಿಯ ಷಡ್ಜ ಒಂದೇ. ಅಲ್ಲಿಗೆ ದಮ್‌ವಾದ ಮುಗಿಯಿತು ಎಂದು ಮೀಟರ್‌ವಾದಿಗಳು ಘೋಷಿಸಿದರು. ಮುಗಿಯಲಿಲ್ಲ, ಆವರ್ತನ ಗ್ರಿಡ್ಡಿಗೆಲ್ಲ ಒಂದೇ ಆದರೂ ವೋಲ್ಟೇಜು ಕಂಬ ಕಂಬಕ್ಕೆ ಬೇರೆ. ಸಬ್‌ಸ್ಟೇಷನ್ನಿನಲ್ಲಿ ಅಳೆದು ‘ಸರಿಯಿದೆ’ ಎಂದು ಪುಸ್ತಕದಲ್ಲಿ ಬರೆದುಕೊಂಡವರನ್ನು ದಮ್‌ವಾದಿಗಳು ಈಗ ಫೀಡರಿನ ಕೊನೆಯ ಹೊಲಕ್ಕೆ ಕರೆಯುತ್ತಿದ್ದಾರೆ. ಮೀಟರನ್ನು ಮೋಟಾರಿನ ಬುಡಕ್ಕೇ ಹಚ್ಚಬೇಕು, ಅದೂ ಸುತ್ತಲಿನ ಮೋಟಾರುಗಳೆಲ್ಲ ಎದ್ದಿರುವ ಹೊತ್ತಿಗೆ ಎಂಬುದು ಅವರ ಷರತ್ತು.